ಪತ್ತನಾಜೆಗೆ ಪೂಡಲ್‌ನ ವೇಷವೂ ಕಳಚಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ನಾಯಿಗಳ ಸೆಲೂನಿನ ಬಗ್ಗೆ ಬರೆದಿದ್ದರು. ಮನುಷ್ಯರ ಕ್ಷೌರ ನೂರೈವತ್ತು ರೂಪಾಯಿಗೆ ಮುಗಿಯುವಾಗ ನಾಯಿಯ ಕೂದಲಿಗೆ ಸಾವಿರಗಟ್ಟಲೆ ಸುರಿಯುವುದು ದುಡ್ಡಿನ ಮದ ಅಂತ ಅವರ ವಾದ. ನಮ್ಮ ಮನೆಯವರು ಓದಿ ಜೋರಾಗಿ ನಕ್ಕರು. ಪೇಪರ್ ಮಡಚಿ ನನ್ನ ಕೈಗೆ ಕೊಟ್ಟು "ಇದು ನಿನ್ನ ಬಗ್ಗೆಯೇ ಬರ್ದದ್ದು" ಅಂದರು. ನನಗೇನೂ ಸಿಟ್ಟು ಬರಲಿಲ್ಲ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಆಮೇಲೆ ಒಂದು ಮಳೆಗಾಲ ಬಂತು. ಆ ಕತೆ ಬರೆಯದಿದ್ದರೆ ಈ ಸಲದ ಮಳೆಗೆ ಇನ್ನೂ ನಾಲ್ಕು ಮನೆಯಲ್ಲಿ ಅದೇ ಆಗುತ್ತದೆ, ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆದೀತು, ದಯವಿಟ್ಟು ಕತ್ತರಿ ಹಾಕಬೇಡಿ.

ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಟಾಯ್ ಪೂಡಲ್ ಮರಿ, ಅಂದರೆ ಗುಂಗುರು ಕೂದಲಿನ ಪುಟ್ಟ ಜಾತಿಯ ನಾಯಿಮರಿ, ತಂದಿದ್ದಳು. ಆಮೇಲೆ ಅವಳು ಓದಲಿಕ್ಕೆ ಅಂತ ಜರ್ಮನಿಗೆ ಹೊರಟಳು, ಮರಿ ಉಡುಪಿಯ ಅಂಬಲಪಾಡಿಗೆ, ನಮ್ಮ ಮನೆಗೆ ಬಂತು. ಬಣ್ಣ ಆಗಷ್ಟೇ ಬಾಣಲೆಯಿಂದ ತೆಗೆದ ಬನ್ಸಿನದು, ಹಾಗಾಗಿ ಹೆಸರೂ ಬನ್ಸ್. ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದೆಲ್ಲ ಊರ ನಾಯಿಗಳು. ಅವಕ್ಕೆ ಸ್ನಾನ ಅಂದರೆ ವರ್ಷಕ್ಕೆ ನಾಲ್ಕು ಸಲ ಬಾವಿಕಟ್ಟೆಯ ಹತ್ತಿರ ಎರಡು ಕೊಡಪಾನ ನೀರು. ಬಾಚುವುದು ಅಂದರೆ ಅವೇ ಹೋಗಿ ಕಾಂಪೌಂಡ್ ಗೋಡೆಗೆ ಮೈ ಉಜ್ಜಿಕೊಳ್ಳುವುದು.

ಪೂಡಲ್‌ದು ಬೇರೆಯೇ ಲೆಕ್ಕ. ಊರ ನಾಯಿಗೆ, ಲ್ಯಾಬ್ರಡಾರ್‌ಗೆ ಕೂದಲು ಒಂದು ಉದ್ದಕ್ಕೆ ಬಂದು ಉದುರುತ್ತದೆ, ಹೊಸತು ಬರುತ್ತದೆ. ಪೂಡಲ್‌ನ ಕೂದಲು ನಮ್ಮ ತಲೆಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಉದುರುವ ಸ್ವಲ್ಪವೂ ನೆಲಕ್ಕೆ ಬೀಳದೆ ಗುಂಗುರಿನ ಒಳಗೇ ಸಿಕ್ಕಿಕೊಳ್ಳುತ್ತದೆ. ಮಾರುವವರು ಇದನ್ನೇ ಹೊಗಳುತ್ತಾರೆ, ಮನೆಯಲ್ಲಿ ಒಂದು ಕೂದಲು ಕಾಣುವುದಿಲ್ಲ ಮೇಡಂ ಅಂತ. ಕಾಣುವುದಿಲ್ಲ ನಿಜ. ಸೋಫಾದ ಮೇಲೆ ಬೀಳಬೇಕಾದ್ದೆಲ್ಲ ನಾಯಿಯ ಮೈಯಲ್ಲೇ ಕೂತಿರುತ್ತದೆ. ಬಾಚದೆ, ಕತ್ತರಿಸದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಜಟೆ ಕಟ್ಟುತ್ತದೆ.

ಇನ್ನು ಶೋಕಿಯ ವಿಷಯ. ಫೋಟೋಗಳಲ್ಲಿ ಕಾಣುವ ಆ ಚಂದದ ವೇಷ ಉಂಟಲ್ಲ, ಎದೆಗೆ ಸಿಂಹದ ಹಾಗೆ ಕೇಸರ, ಹಿಂದೆ ಬೋಳು, ಸೊಂಟದ ಮೇಲೆ ಎರಡು ಉಂಡೆ, ಗೆಜ್ಜೆ ಕಟ್ಟಿದ ಹಾಗೆ ಕಾಲಿಗೆ ಕೂದಲಿನ ಬಳೆ, ಬಾಲದ ತುದಿಗೊಂದು ಚೆಂಡು. ಅದಕ್ಕೆ ಕಾಂಟಿನೆಂಟಲ್ ಕಟ್ ಅನ್ನುತ್ತಾರೆ. ನೋಡಿದವರಿಗೆ ಹುಚ್ಚು ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಪೂಡಲ್ ಮೂಲದಲ್ಲಿ ನೀರಿಗೆ ಇಳಿಯುವ ನಾಯಿ. ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕೆರೆಗೆ ಹಾರಿ ಎತ್ತಿ ತರುವುದು ಅದರ ಕೆಲಸ. ಜರ್ಮನ್ ಭಾಷೆಯ ಪುಡೆಲ್ ಅನ್ನುವ ಹೆಸರಿನ ಬುಡದಲ್ಲಿ ನೀರು ಚಿಮ್ಮಿಸುವ ಅರ್ಥ ಉಂಟು. ಫ್ರೆಂಚರು ಕರೆಯುವ ಕಾನಿಶ್ ಅನ್ನುವ ಹೆಸರಿನಲ್ಲಿ ಬಾತುಕೋಳಿಯೇ ಉಂಟು. ಮೈತುಂಬ ಕೂದಲಿದ್ದರೆ ಒದ್ದೆಯಾಗಿ ಭಾರ, ಈಜಲಿಕ್ಕೆ ಆಗುವುದಿಲ್ಲ. ಪೂರ್ತಿ ತೆಗೆದರೆ ಚಳಿ. ಹಾಗಾಗಿ ಹಿಂಭಾಗದ್ದು ತೆಗೆದು, ಎದೆಗೂ ಕಾಲಿನ ಗಂಟುಗಳಿಗೂ ಬೆಚ್ಚಗೆ ಇರಲಿ ಅಂತ ಬಿಟ್ಟರಂತೆ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಸೇನ್ ನದಿ ದಂಡೆಯಲ್ಲಿ ನಾಯಿಗೆ ಕೂದಲು ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಆಮೇಲೆ ಶ್ರೀಮಂತರ ಕೈಗೆ ಸಿಕ್ಕಿ ಅದು ಅಲಂಕಾರವಾಯಿತು, ಅದು ಬೇರೆ ಮಾತು. ಮೊದಲಿಗೆ ಅದು ನೀರಿನ ಲೆಕ್ಕದ ಕಟ್. ನೀರಿನ ವಿಷಯದಲ್ಲಿ ಉಡುಪಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಆದರೂ ನಾನು ಎಡವಿದ್ದು ಅಲ್ಲಿಯೇ.

ಬನ್ಸ್‌ಗೆ ಹತ್ತು ತಿಂಗಳಾದಾಗ ಜೂನ್ ಬಂತು. ಮಗಳು ಕಳಿಸಿದ ಫೋಟೋ ನೋಡಿ ಟೆಡ್ಡಿ ಕಟ್ ಇಟ್ಟಿದ್ದೆವು. ಮುಖ ಉರುಟು, ಮೈಮೇಲೆ ಒಂದೂವರೆ ಇಂಚು ಕೂದಲು, ಕಾಲು ಕಂಬದ ಹಾಗೆ. ನೋಡಲಿಕ್ಕೆ ಗೊಂಬೆ. ದಿನಾ ಸಂಜೆ ಬ್ರಷ್ ಮಾಡುತ್ತಿದ್ದೆ, ಮೇಲಿಂದ ನೋಡಿದರೆ ಹತ್ತಿಯ ಹಾಗೆ ಅರಳಿಕೊಂಡಿತ್ತು. ಒಂಬತ್ತು ತಿಂಗಳಿಂದ ಹೆಚ್ಚುಕಮ್ಮಿ ಒಂದೂವರೆ ವರ್ಷದ ಒಳಗೆ ಪೂಡಲ್‌ಗೆ ಮರಿಕೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ, ಆಗ ಹಳತೂ ಹೊಸತೂ ಹೆಣೆದುಕೊಂಡು ಎಲ್ಲಕ್ಕಿಂತ ಜಾಸ್ತಿ ಸಿಕ್ಕಾಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ನಮ್ಮ ಮಳೆ ಹೇಗೆ ಅಂತ ನಿಮ್ಮ ಓದುಗರಿಗೆ ಹೇಳಬೇಕಾ? ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು, ಚಪ್ಪಲಿಗೆ ಬೂಸು. ಅಂಥದರಲ್ಲಿ ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಹೋಗಿ ಬರುವ ನಾಯಿ ಒಣಗುವುದು ಯಾವಾಗ? ಬಂದಾಗೆಲ್ಲ ಬೈರಾಸಿನಲ್ಲಿ ಉಜ್ಜಿ ಉಜ್ಜಿ ಒರೆಸುತ್ತಿದ್ದೆ. ಹಾಗೆ ಉಜ್ಜಿದರೆ ಗುಂಗುರು ಇನ್ನಷ್ಟು ಗಂಟು ಬೀಳುತ್ತದೆ ಅಂತ ಯಾರಾದರೂ ಹೇಳಬೇಕಲ್ವಾ!

ಒಂದು ಸಂಜೆ ಕರೆಂಟು ಹೋಗಿತ್ತು. ಸುಮ್ನೆ ಕೂತಿದ್ದವಳು ಅದನ್ನು ತೊಡೆ ಮೇಲೆ ಮಲಗಿಸಿಕೊಂಡು ಮುಂಗಾಲಿನ ಕಂಕುಳಕ್ಕೆ ಕೈ ಹಾಕಿದೆ. ಬೆರಳಿಗೆ ಕೂದಲು ಸಿಗಲಿಲ್ಲ, ಕಾಲೊರೆಸುವ ತೆಂಗಿನ ನಾರಿನ ಮ್ಯಾಟಿನ ತುಂಡು ಸಿಕ್ಕಿದ ಹಾಗಾಯಿತು. ಟಾರ್ಚ್ ಬಿಟ್ಟು ನೋಡಿದೆ. ಮೇಲಿನ ಅರ್ಧ ಇಂಚು ಮಾತ್ರ ಕೂದಲು, ಅದರ ಅಡಿಗೆ ಕಂಬಳಿ. ಬಾಚಣಿಗೆಯ ಒಂದು ಹಲ್ಲು ಇಳಿಯಲಿಕ್ಕೂ ಎಡೆಯಿಲ್ಲ. ಅಂಚಿನಲ್ಲಿ ಸ್ವಲ್ಪ ಎತ್ತಿದರೆ ಚರ್ಮ ಕೆಂಪಗೆ, ತೇವ, ಕಮಟು ವಾಸನೆ. ಕಿವಿಯ ಹಿಂದೆ, ಬೆಲ್ಟಿನ ಅಡಿ, ತೊಡೆಸಂದಿಯಲ್ಲೂ ಅದೇ. ನಾಯಿ ಅಲ್ಲಾಡದೆ ನನ್ನ ಮುಖವನ್ನೇ ನೋಡುತ್ತಿತ್ತು. ಎರಡು ವಾರದಿಂದ ಎತ್ತಿಕೊಂಡಾಗೆಲ್ಲ ಕುಂಯ್ ಅನ್ನುತ್ತಿದ್ದದ್ದು ಮುದ್ದಿಗೆ ಅಂತ ನಾವು ತಿಳಿದಿದ್ದೆವು.

ಮರುದಿನ ಪೇಟೆಯ ಒಂದು ಗ್ರೂಮಿಂಗ್ ಅಂಗಡಿಗೆ ಹೋದೆವು. ಕೌಂಟರಿನ ಹುಡುಗ ಮುಟ್ಟಿ ನೋಡಿದ. "ಫುಲ್ ಮ್ಯಾಟಿಂಗ್ ಆಗಿದೆ ಆಂಟಿ, ಎಷ್ಟು ನಂಬರ್ ಹಾಕುವುದು?" ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಅಂದರು, "ತುಂಬ ಸಣ್ಣ ಮಾಡುವುದು ಬೇಡ ಮಾರಾಯ, ಹತ್ತೇ ಹಾಕು."

ಅವರ ತಪ್ಪೂ ಅಲ್ಲ. ಗಂಡಸರ ಸೆಲೂನಿನ ಮಿಷನ್ನಿನಲ್ಲಿ ನಂಬರ್ ಏರಿದ ಹಾಗೆ ಕೂದಲು ಉದ್ದ ಉಳಿಯುತ್ತದೆ, ಒಂದು ಅಂದರೆ ಬೋಳು, ನಾಲ್ಕು ಅಂದರೆ ಮರ್ಯಾದೆ. ನಾಯಿಯ ಕ್ಲಿಪ್ಪರ್ ಬ್ಲೇಡಿಗೆ ಪೂರ್ತಿ ಉಲ್ಟಾ. 4 ನಂಬರ್ ಬ್ಲೇಡ್ ಸುಮಾರು 9 ಮಿಲಿಮೀಟರ್ ಉಳಿಸುತ್ತದೆ, 5 ಸುಮಾರು 6, 7 ಸುಮಾರು 3. 10 ಉಳಿಸುವುದು ಬರೇ ಒಂದೂವರೆ ಮಿಲಿಮೀಟರ್. 40 ನಂಬರಿನದು ಡಾಕ್ಟರುಗಳು ಆಪರೇಷನ್ನಿಗೆ ಮೊದಲು ಚರ್ಮ ಕಾಣುವ ಹಾಗೆ ತೆಗೆಯುವ ಬ್ಲೇಡು. ಹುಡುಗ ತಲೆ ಆಡಿಸಿ ಒಳಗೆ ಕೊಂಡುಹೋದ. ಮೂರು ಗಂಟೆ ಬಿಟ್ಟು ಹೋದರೆ ಒಳಗಿಂದ ಬಂದದ್ದು ಸಿಪ್ಪೆ ಸುಲಿದ ಗೆಣಸು. ತಲೆ ಮಾತ್ರ ಉರುಟು, ಅದನ್ನು ಪಾಪ ಅಂತ ಬಿಟ್ಟಿದ್ದ. ನಮ್ಮವರು ಮಾತಾಡದೆ ದುಡ್ಡು ಕೊಟ್ಟರು. ಗಂಟು ಬಿಡಿಸಿದ್ದಕ್ಕೆ ಅಂತ ಬಿಲ್ಲಿನಲ್ಲಿ ಬೇರೆ 500 ರೂಪಾಯಿ ಇತ್ತು, ಬಿಡಿಸಿದ್ದು ಒಂದೂ ಇರಲಿಲ್ಲ.

ಅಷ್ಟು ಜಟೆ ಕಟ್ಟಿದ ಮೇಲೆ ಬುಡದ ಹತ್ತಿರಕ್ಕೇ ತೆಗೆಯದೆ ಬೇರೆ ದಾರಿ ಇರಲಿಲ್ಲ ಅಂತ ಈಗ ನನಗೂ ಗೊತ್ತು. ಅದನ್ನು ಎಳೆದು ಎಳೆದು ಬಾಚುವುದು ನಾಯಿಗೆ ಹಿಂಸೆ. ನನ್ನ ತಕರಾರು ಬೇರೆ. ಕತ್ತರಿಸುವ ಮೊದಲು ಒಂದು ಫೋನ್ ಮಾಡಿ "ಹತ್ತು ಅಂದರೆ ಇಷ್ಟು" ಅಂತ ಬೆರಳಿನಲ್ಲಿ ತೋರಿಸಬಹುದಿತ್ತು. ಎರಡನೆಯದು, ಕ್ಲಿಪ್ಪರ್ ನಿಲ್ಲಿಸದೆ ಓಡಿಸಿದರೆ ಬ್ಲೇಡು ಬಿಸಿಯಾಗುತ್ತದೆ. ಆಗಾಗ ತಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಬಿಸಿಯಿದ್ದರೆ ಬ್ಲೇಡ್ ಬದಲಿಸಬೇಕು. ಹಾಗೆ ಮಾಡಿದ ಲಕ್ಷಣ ಇರಲಿಲ್ಲ. ರಾತ್ರಿ ನೋಡಿದರೆ ಹೊಟ್ಟೆಯ ಮೇಲೆ ಕೆಂಪು ಗೆರೆಗಳು, ಅದು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತು. ಎಂಟು ದಿನ ಕುತ್ತಿಗೆಗೆ ಲಾಳಿಕೆಯಂಥ ಪ್ಲಾಸ್ಟಿಕ್ ಕಾಲರ್ ಕಟ್ಟಿಕೊಂಡು ಮನೆಯ ಎಲ್ಲ ಬಾಗಿಲಿಗೂ ಡಿಕ್ಕಿ ಹೊಡೆಯಿತು.

ಪಶುವೈದ್ಯರು ಬೈಯಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಬಾಚಲಿಕ್ಕೆ ಆಗುತ್ತದೆ ಅಮ್ಮ ಅಂತ ಕೇಳಿದರು. ಹತ್ತು ನಿಮಿಷ ಅಂದೆ. "ಹಾಗಾದರೆ ಹತ್ತು ನಿಮಿಷದಲ್ಲಿ ಬಾಚಿ ಮುಗಿಯುವಷ್ಟೇ ಕೂದಲು ಇಡಿ" ಅಂದರು. ಎರಡು ವರ್ಷದಲ್ಲಿ ಪೂಡಲ್ ಬಗ್ಗೆ ನನಗೆ ಸಿಕ್ಕಿದ ಬುದ್ಧಿಯಲ್ಲಿ ಇದರಷ್ಟು ಉಪಯೋಗ ಆದದ್ದು ಬೇರೆ ಇಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ತುಳುವರ ಬೇಶ ತಿಂಗಳ 10ನೇ ದಿನ, ಮೇ 24ರ ಆಸುಪಾಸಿಗೆ, ಪತ್ತನಾಜೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ, ದೈವಗಳ ಕೋಲ ನೇಮಗಳಿಗೂ ಅಂದಿನಿಂದ ವಿರಾಮ. ಅದೇ ವಾರ ಬನ್ಸ್‌ನ ವೇಷವನ್ನೂ ಕಳಚುವುದು. ಮೈ ಮೇಲೆ 6 ಮಿಲಿಮೀಟರ್, ಕಾಲಿಗೆ ಸ್ವಲ್ಪ ಜಾಸ್ತಿ, 9. ಹೊಟ್ಟೆ, ಕಂಕುಳ, ಬಾಲದ ಬುಡ ಚೊಕ್ಕ. ಪಾದದ ಬೆರಳುಗಳ ನಡುವಿನ ಕೂದಲು ಪೂರ್ತಿ ತೆಗೆಸುತ್ತೇವೆ, ಇಲ್ಲದಿದ್ದರೆ ಅಂಗಳದ ಕೆಂಪು ಮಣ್ಣೆಲ್ಲ ಅಲ್ಲಿ ಮೆತ್ತಿಕೊಂಡು ಒಣಗದೆ ಬೆರಳ ಸಂದು ಕೊಳೆಯುತ್ತದೆ, ಟೈಲ್ಸ್ ಮೇಲೆ ಜಾರುವುದು ಬೇರೆ. ಉಣ್ಣಿ ಕಚ್ಚಿಕೊಂಡಿದ್ದರೆ ಗಿಡ್ಡ ಕೂದಲಿನಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತದೆ. ಉಣ್ಣಿಯಿಂದ ನಾಯಿಗೆ ಬರುವ ಜ್ವರ ಸಣ್ಣದಲ್ಲ, ಸಾಯಿಸುವಂಥದ್ದು.

ಜಗಳ ಇರುವುದು ಮುಖದ್ದು. ಮಳೆಗಾಲಕ್ಕೆ ನನಗೆ ಕ್ಲೀನ್ ಫೇಸ್ ಬೇಕು, ಅಂದರೆ ಮೂತಿ, ಕೆನ್ನೆ, ಗಂಟಲು ಎಲ್ಲ ನುಣ್ಣಗೆ. ಗಡ್ಡ ಬಿಟ್ಟರೆ ನೀರು ಕುಡಿದಾಗೆಲ್ಲ ಒದ್ದೆ, ಅನ್ನ ಮೆತ್ತಿ ಹುಳಿ ವಾಸನೆ, ಬಾಯಿಯ ಸುತ್ತ ಕೂದಲು ಕಂದು ತಿರುಗುತ್ತದೆ. ನಮ್ಮವರಿಗೆ ನುಣ್ಣಗಿನ ಮುಖ ಕಂಡರೆ ಆಗುವುದಿಲ್ಲ, ಹೆಗ್ಗಣದ ಹಾಗೆ ಕಾಣುತ್ತದೆ ಅಂತಾರೆ. ಕೊನೆಗೆ ರಾಜಿ ಆದದ್ದು ಹೀಗೆ, ಜೂನ್‌ನಿಂದ ಸೆಪ್ಟೆಂಬರ್ ನನ್ನದು, ಉಳಿದದ್ದು ಅವರದು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವಾಗ ಬನ್ಸ್‌ಗೂ ಕೂದಲು ಬಿಡುತ್ತೇವೆ. ಟೆಡ್ಡಿ ಮುಖ ಆಗ ಬರುತ್ತದೆ. ಇಲ್ಲದಿದ್ದರೆ ಲ್ಯಾಂಬ್ ಕಟ್, ಮೈ ಗಿಡ್ಡ, ಕಾಲಿಗೆ ತುಂಬಿದ ಕೂದಲು, ಮನೆ ನಾಯಿಗೆ ಇದು ಬಹಳ ಚಂದ. ಮಾರ್ಚ್ ಸೆಕೆಗೆ ಮತ್ತೆ ಸಣ್ಣ, ಆದರೆ ಚರ್ಮ ಕಾಣುವಷ್ಟಲ್ಲ, ಬಿಸಿಲಿಗೆ ಸುಡುತ್ತದೆ. ಕಾಂಟಿನೆಂಟಲ್ ಬೇಕಾದರೆ ಡಾಗ್ ಶೋಗೆ ಹೋಗುವವರು ಇಟ್ಟುಕೊಳ್ಳಲಿ. ಮನೆಯಲ್ಲಿ ಅದನ್ನು ನೋಡಿಕೊಳ್ಳುವುದು ದಿನಗೂಲಿ ಕೆಲಸ.

ಯಾವ ಕಟ್ ಇಟ್ಟರೂ ನಾಲ್ಕರಿಂದ ಆರು ವಾರಕ್ಕೊಮ್ಮೆ ಗ್ರೂಮರ್ ಹತ್ತಿರ ಹೋಗಲೇಬೇಕು. ನಡುವಿನ ದಿನಗಳದ್ದು ನಮ್ಮ ಕೈಯಲ್ಲಿ. ಸಣ್ಣ ತಂತಿಯ ಹಲ್ಲುಗಳಿರುವ ಒಂದು ಸ್ಲಿಕ್ಕರ್ ಬ್ರಷ್, ಒಂದು ಸ್ಟೀಲಿನ ಬಾಚಣಿಗೆ ಸಾಕು. ಮೇಲ್ಮೇಲೆ ಮಾತ್ರ ಸವರಿದರೆ ನನ್ನ ಗತಿಯೇ. ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ, ಚರ್ಮದ ಗೆರೆ ಕಾಣಬೇಕು, ಆ ಬುಡದಿಂದ ಹೊರಕ್ಕೆ ಬ್ರಷ್ ಮಾಡಿ, ಮುಂದಿನ ಗೆರೆಗೆ ಹೋಗುವುದು. ಕೊನೆಗೆ ಬಾಚಣಿಗೆ ಬುಡಕ್ಕೆ ಇಳಿಸಿ ಎಳೆದಾಗ ಎಲ್ಲೂ ನಿಲ್ಲದಿದ್ದರೆ ಪಾಸು. ನನಗೆ ದಿನಾ ಇಡೀ ಮೈ ಆಗುವುದಿಲ್ಲ, ಧಾರಾವಾಹಿ ಶುರುವಾಗುವಾಗ ಕಿವಿಯ ಹಿಂದೆ, ಕಂಕುಳ, ಬೆಲ್ಟಿನ ಜಾಗ ಮಾತ್ರ ನೋಡುತ್ತೇನೆ, ಉಳಿದದ್ದು ದಿನ ಬಿಟ್ಟು ದಿನ. ಮನೆಯೊಳಗೆ ಬೆಲ್ಟ್ ಬಿಚ್ಚಿಯೇ ಇಡುತ್ತೇವೆ.

ಸ್ನಾನದ ಮೊದಲು ಬಾಚಬೇಕು, ಆಮೇಲೆ ಅಲ್ಲ. ನೀರು ಬಿದ್ದರೆ ಗಂಟು ಒದ್ದೆ ಹಗ್ಗದ ಹಾಗೆ ಬಿಗಿಯುತ್ತದೆ. ಶಾಂಪೂ ನಾಯಿಯದ್ದೇ ಆಗಲಿ, ನಮ್ಮದು ಅದರ ಚರ್ಮಕ್ಕೆ ಹೇಳಿಸಿದ್ದಲ್ಲ. ಒರೆಸುವಾಗ ಬೈರಾಸನ್ನು ಒತ್ತಿ ಹಿಡಿಯಿರಿ, ಉಜ್ಜಬೇಡಿ. ಹೇರ್ ಡ್ರೈಯರ್ ಕಡಿಮೆ ಬಿಸಿಗೆ ಇಟ್ಟು ಬ್ರಷ್ ಮಾಡುತ್ತಾ ಬುಡದವರೆಗೆ ಒಣಗಿಸಿ. ಮಳೆಗಾಲದಲ್ಲಿ ನಾನು ಕರೆಂಟ್ ನೋಡಿಕೊಂಡೇ ಸ್ನಾನ ಮಾಡಿಸುವುದು. ಮಲ್ಪೆ ಬೀಚಿಗೆ ಕರೆದುಕೊಂಡು ಹೋದರೆ ಮನೆಗೆ ಬಂದ ಕೂಡಲೇ ಸಿಹಿನೀರು ಹಾಕಬೇಕು, ಮರಳೂ ಉಪ್ಪೂ ಒಟ್ಟಿಗೆ ಸೇರಿದರೆ ಎರಡೇ ದಿನದಲ್ಲಿ ಗಂಟು.

ಕಿವಿಯದ್ದು ಎರಡು ಮಾತು. ಪೂಡಲ್‌ಗೆ ಜೋತುಬಿದ್ದ ಕಿವಿ, ಒಳಗೂ ಕೂದಲು, ಗಾಳಿ ಆಡುವುದಿಲ್ಲ, ಮೇಲಿಂದ ನಮ್ಮ ತೇವ. ತಲೆ ಕೊಡವುತ್ತಿದ್ದರೆ, ಕಿವಿಯಿಂದ ಹುಳಿ ವಾಸನೆ ಬಂದರೆ ಡಾಕ್ಟರಿಗೆ ತೋರಿಸಿ, ಇಯರ್ ಬಡ್ಸ್ ಹಾಕಿ ತಿರುಗಿಸಬೇಡಿ. ಒಳಗಿನ ಕೂದಲು ಕೀಳುವ ವಿಷಯದಲ್ಲಿ ಡಾಕ್ಟರುಗಳಲ್ಲೇ ಎರಡು ಮತ. ನಮ್ಮ ಡಾಕ್ಟರು ಆರೋಗ್ಯವಾಗಿರುವ ಕಿವಿಗೆ ಕೈ ಹಾಕಬೇಡಿ ಅಂದಿದ್ದಾರೆ, ನಾವು ಹಾಕುವುದಿಲ್ಲ.

ಇದನ್ನೆಲ್ಲ ಓದಿ ಯಾರಾದರೂ ತಮ್ಮ ಪೊಮೆರೇನಿಯನ್‌ಗೆ ಮಿಷನ್ ಹಾಕಿಸಿಯಾರು ಅಂತ ಹೆದರಿಕೆ. ದಯವಿಟ್ಟು ಬೇಡ. ಪೊಮೆರೇನಿಯನ್, ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಹಸ್ಕಿ ಇವಕ್ಕೆಲ್ಲ ಎರಡು ಪದರದ ಕೂದಲು, ಪೂಡಲ್‌ಗೆ ಒಂದೇ. ನಮ್ಮ ಪಕ್ಕದ ರಸ್ತೆಯ ಒಂದು ಪೊಮೆರೇನಿಯನ್‌ಗೆ ಏಪ್ರಿಲ್ ಸೆಕೆಗೆ ಅಂತ ಬೋಳಿಸಿದರು. ಒಂದು ವರ್ಷ ಕಳೆದರೂ ಬೆನ್ನಿನ ಮೇಲೆ ಕೂದಲು ಸರಿಯಾಗಿ ಬಂದಿಲ್ಲ, ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಉಂಟು. ಆ ಜಾತಿಗೆ ಹಾಗೆ ಆಗುವುದು ಹೊಸತಲ್ಲವಂತೆ.

ಗ್ರೂಮಿಂಗ್ ಅಂಗಡಿ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಗಿರಾಕಿಯ ಹತ್ತಿರ ನಂಬರ್ ಕೇಳಬೇಡಿ, ಮಿಲಿಮೀಟರ್ ಹೇಳಿ. ಗೋಡೆಯ ಮೇಲೆ ಐದು ಅಳತೆಯ ಚಿತ್ರ ಅಂಟಿಸಿದರೆ ಅರ್ಧ ಜಗಳ ಮುಗಿಯಿತು. ಬೋಳಿಸಬೇಕಾದರೆ ಮೊದಲು ಫೋನ್ ಮಾಡಿ. ಕೆಲಸ ಮಾಡುವ ಕೋಣೆಗೆ ಒಂದು ಗಾಜು ಇರಲಿ, ಮನೆಯವರನ್ನು ಕಂಡರೆ ನಾಯಿ ಹಾರಾಡುತ್ತದೆ ಅನ್ನುವುದು ನಿಜವೇ, ಆದರೆ ಅದಕ್ಕೆ ನಾವು ಕಾಣದ ಹಾಗೆ ನೋಡುವ ಕ್ಯಾಮರಾ ಆದರೂ ಆದೀತು. ಟೇಬಲ್ಲಿಗೆ ಕುತ್ತಿಗೆ ಕಟ್ಟಿ ಬಿಟ್ಟು ಆಚೆ ಹೋಗಬೇಡಿ, ಹಾರಿದರೆ ನೇಣು. ಮುಚ್ಚಿದ ಗೂಡಿನಲ್ಲಿ ಬಿಸಿಗಾಳಿ ಬಿಟ್ಟು ಒಣಗಿಸುವುದಂತೂ ಬೇಡವೇ ಬೇಡ, ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಣ್ಣಗಾಗಬೇಕು. ಒಂದು ನಾಯಿಗೆ ಹಾಕಿದ ಬ್ಲೇಡನ್ನು ಮದ್ದಿನಲ್ಲಿ ತೊಳೆಯದೆ ಇನ್ನೊಂದಕ್ಕೆ ಹಾಕಬೇಡಿ, ಹುಳುಕಡ್ಡಿ ಹರಡುತ್ತದೆ, ಅದು ಮನುಷ್ಯರಿಗೂ ಬರುತ್ತದೆ.

ಬೆಲೆಯ ಬಗ್ಗೆ ಬರೆದವರಿಗೆ ಒಂದು ಮಾತು. ನಾವೀಗ ಬೇರೆ ಕಡೆ ಹೋಗುತ್ತೇವೆ, ಆರು ವಾರಕ್ಕೊಮ್ಮೆ 1,200 ರೂಪಾಯಿ. ಅಲ್ಲಿಯ ಹುಡುಗಿ ಎರಡೂವರೆ ಗಂಟೆ ನಿಂತು ಬಾಚಿ, ಸ್ನಾನ ಮಾಡಿಸಿ, ಒಣಗಿಸಿ, ತಲೆಯಿಂದ ಬಾಲದವರೆಗೆ ಕತ್ತರಿಸಿ, ಹದಿನಾರೋ ಹದಿನೆಂಟೋ ಉಗುರು ರಕ್ತ ಬಾರದ ಹಾಗೆ ತೆಗೆಯುತ್ತಾಳೆ, ಅದೂ ಒಂದು ನಿಮಿಷ ನೆಟ್ಟಗೆ ನಿಲ್ಲದ ಗಿರಾಕಿಗೆ. ಮೊದಲ ಮಳೆಗಾಲದಲ್ಲಿ ಆ ಅಂಗಡಿ, ಡಾಕ್ಟರ ಫೀಸು, ಮುಲಾಮು, ಎಲ್ಲ ಸೇರಿ ನಮಗೆ ಬಿದ್ದದ್ದು 4,000ಕ್ಕೂ ಮೇಲೆ. ಹೋದ ಮಳೆಗಾಲ ಒಂದು ಗಂಟೂ ಇಲ್ಲದೆ ಕಳೆಯಿತು.

ಈ ಸಲದ್ದಕ್ಕೆ ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹೇಳಿಟ್ಟಿದ್ದೇವೆ. ನನಗೆ ಮದುವೆಯೊಂದು ಉಂಟು, ಕರೆದುಕೊಂಡು ಹೋಗುವುದು ನಮ್ಮವರೇ. ನಿನ್ನೆಯೇ ಒಂದು ಚೀಟಿ ಬರೆದು ಶರ್ಟಿನ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ. ಇಣುಕಿ ನೋಡಿದೆ. "ಮೈ 6, ಕಾಲು 9, ಮುಖ ಅವಳು ಹೇಳಿದ ಹಾಗೆ. ನಂಬರ್ ಅಲ್ಲ, ಮಿಲಿಮೀಟರ್." ಕೊನೆಯ ಶಬ್ದದ ಅಡಿಗೆ ಎರಡು ಗೆರೆ ಎಳೆದಿದ್ದಾರೆ.

ಇತಿ,
ನಿಮ್ಮ ಹಳೆಯ ಓದುಗರು,
ಅಂಬಲಪಾಡಿ, ಉಡುಪಿ